ಪೆಡಲ್ ಸ್ವಲ್ಪ ಬಿಗಿ ಇದೆ

ನಮ್ಮ ಎದುರುಮನೆ ಗಿಟಾರಪ್ಪನ ಹತ್ರ ಅವನ ಹಳೇ ಪೆಡಲ್ ಸ್ಟೀಲ್ ಗಿಟಾರ್ ಕೊಳ್ಳೋದಕ್ಕಿಂತ ಆನೆಗೆ ಚಡ್ಡಿ ಹೊಲಿಸೋದು ಸುಲಭ ಕಣ್ರಯ್ಯಾ. "ಮಾರಾಟಕ್ಕಿದೆ" ಅಂತ ಕಿಟಕಿಗೆ ಅಂಟಿಸಿದ ಚೀಟಿ ಬಿಸಿಲಿಗೆ ಉದುರಿಹೋಗಿ, ಈಗ ಬರೀ ಗೋಂದು ಮಾರಾಟಕ್ಕಿದೆ. ಯಾರಾದರೂ ಬಂದರೆ, ಮೇಜಿನ ಹಾಗೆ ಕಾಲೂರಿ ನಿಂತಿರೋ ಅದರ ಮುಂದೆ ಕೂತು ತಂತಿ ಮೇಲೆ ಉಕ್ಕಿನ ತುಂಡು ಜಾರಿಸ್ತಾನೆ; ಆ ನಾದಕ್ಕೆ ಬೀದಿನಾಯಿಗಳು ಜಗಳ ಬಿಟ್ಟು ಸಾಲಾಗಿ ಕೂತಿದ್ದನ್ನ ನಾನೇ ನೋಡಿದ್ದೀನಿ. ಆಮೇಲೆ ಎಡಗಾಲಲ್ಲಿ ಪೆಡಲ್ ಒತ್ತಿ, ಮುಖ ಕಿವುಚಿ, "ಸ್ವಲ್ಪ ಬಿಗಿ ಇದೆ ಕಣಯ್ಯ, ಎಣ್ಣೆ ಬಿಟ್ಟು ಕೊಡ್ತೀನಿ, ಮುಂದಿನ ವಾರ ಬಾ" ಅಂತಾನೆ. ಅವನು ಬಿಟ್ಟ ಎಣ್ಣೇಲಿ ಊರಿಗೆಲ್ಲ ದೀಪ ಹಚ್ಚಬಹುದಿತ್ತು. ಮೊಮ್ಮಗಳಿಗೆ ಕೊಡಿಸೋಣ ಅಂತ ಅಲೆದು ಅಲೆದು ನನ್ನ ಚಪ್ಪಲಿ ಸವೆದುಹೋಯ್ತು. ನಿನ್ನೆ ಅವನು ಎಣ್ಣೆ ಡಬ್ಬಿ ತರೋಕೆ ಎದ್ದಾಗ ನನ್ನ ಜೊತೆ ಬಂದಿದ್ದ ಮೊಮ್ಮಗಳೇ ಕೂತು ಪೆಡಲ್ ಒತ್ತಿದಳು. ಬೆಣ್ಣೆ ಹಾಗೆ ಇಳೀತು. "ತಾತ, ಬಿಗೀನೇ ಇಲ್ವಲ್ಲ" ಅಂದಳು. ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿಟಾರಪ್ಪ ಪೆಡಲ್ ಕಡೆ ನೋಡಲಿಲ್ಲ, ತನ್ನ ಎಡಗಾಲನ್ನೇ ನೋಡಿಕೊಂಡು, ಬಗ್ಗದ ಮಂಡಿ ನೀವಿಕೊಂಡ. ಇಷ್ಟು ದಿನ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಅಲ್ಲೇ ಬಿಟ್ಟು, ಮೊಮ್ಮಗಳನ್ನ ಎಬ್ಬಿಸಿ ಪಕ್ಕಕ್ಕೆ ಕರ್ಕೊಂಡೆ. "ಅವಳಿಗೇನು ಗೊತ್ತು, ಬಿಗಿ ಇದೆ ಕಣೋ" ಅಂದೆ, "ನೀನು ಎಣ್ಣೆ ಬಿಡು. ಮುಂದಿನ ವಾರ ಬರ್ತೀವಿ."