ಮುದಿ ಕುದುರಿ ಶರ್ಯತ್ತು, ಗಲ್ಲಾದ ಕೀಲಿ

ಸೊಲ್ಲಾಪುರದಾಗ ನಮ್ಮದು ಚಾದರದ ಅಂಗಡಿ. ರೊಕ್ಕದ ಗಲ್ಲಾದ ಕೀಲಿ ನಮ್ಮ ಮಾವಾರ ಉಡದಾರದಾಗ. ಅವರಿಗೆ ಎಪ್ಪತ್ತು ದಾಟ್ಯಾವ ಅಂತ ನನ್ನ ಗಂಡ, ಮೈದುನ ಇಬ್ಬರೂ ದಿನಾ ಊಟಕ್ಕ ಕುಂತಾಗ "ಅಪ್ಪಾ, ಇನ್ನ ಆರಾಮ ತಗೋರಿ" ಅಂತಿದ್ರು. ಏನ ಕಕುಲಾತಿ ಅಂತೀರಿ! ಮುಂಜಾನೆ ಎಂಟಕ್ಕ ಅಪ್ಪ ಶಟರ್ ಎತ್ತತಿದ್ರು, ಮಕ್ಕಳು ಹನ್ನೊಂದಕ್ಕ ಸೆಂಟ್ ಹೊಡಕೊಂಡು ಬರತಿದ್ರು.

ಮಾವಾರಿಗೆ ಒಂದ ಹುಚ್ಚು. ವಯಸ್ಸಾತು ಅಂತ ಪುಣೆ ರೇಸಿನಿಂದ ತಗದ ಹಾಕಿದ ಒಂದು ಜಾತಿ ಕುದುರಿ ತಂದು ಹೋಟಗಿಯ ನಮ್ಮ ಹೊಲದಾಗ ಸಾಕಿದ್ರು. ಅಕ್ಕಲಕೋಟ ರಸ್ತಾದ ಬಯಲಾಗ ವರ್ಷಕ್ಕೊಮ್ಮೆ ಇಂಥಾ ಮುದಿ ಕುದುರಿಗಳದ್ದ ಓಟದ ಶರ್ಯತ್ತು ಆಗತದ. ಹತ್ತು ವರ್ಷ ದಾಟಿರಬೇಕು, ಅಷ್ಟ ನಿಯಮ. ಈ ಸಲ ಮಾವಾರು, "ನನ್ನ ಕುದುರಿ ಗೆದ್ರ ಕೀಲಿ ನನ್ನ ಹತ್ರ. ಸೋತ್ರ ಬಿಚ್ಚಿ ಕೊಡತೀನಿ" ಅಂದ್ರು. ಶರ್ಯತ್ತಿನ ದಿನ ಮಕ್ಕಳಿಬ್ಬರೂ ನಸುಕಿನ್ಯಾಗ ಎದ್ದು ಗಾಡಿ ತೊಳದ್ರು!

ಬಯಲಿಗೆ ಹೋಗಿ ನೋಡಿದ್ರ ನನಗ ನಗು ತಡೀಲಿಲ್ಲ. ಬಾಕಿ ಮಾಲಕರೆಲ್ಲ ತಮ್ಮ ಮೀಸಿಗೆ ಕರಿ ಬಣ್ಣ ಹಚ್ಚಿಕೊಂಡು, ಕುದುರಿ ಮಾರಿಗೆ ಸುಣ್ಣ ಬಳದಿದ್ರು. ತಾವು ಹರೇದವರು, ಕುದುರಿ ಮುದಿ! ಹಲ್ಲು ನೋಡಿ ವಯಸ್ಸು ಹೇಳಬೇಕಾದ ಪಂಚರು ಮಾಲಕರ ಕೂಡ ಚಹಾ ಕುಡದ್ರು, ಕುದುರಿ ಬಾಯಿ ತೆಗಸಲೇ ಇಲ್ಲ.

ಅರ್ಧ ಬಯಲತನಾ ನಮ್ಮ ಕುದುರಿನೇ ಮುಂದಿತ್ತು. ನಾ ಸೆರಗು ಬಿಗದು ಒದರಾಕತ್ತಿದ್ದೆ. ಕಡೀಕ ಒಂದು ಕೆಂಪು ಕುದುರಿ ಭರ್ರಂತ ದಾಟಿ ಹೋತು. ಗೆದ್ದು ನಿಂತಾಗ ನೋಡ್ತೀನಿ, ಬೆವರಿಗೆ ಸುಣ್ಣ ಕರಗಿ ಕುತಗಿ ಮ್ಯಾಲೆ ಹರ್ಯಾಕತ್ತದ, ಕೆಳಗ ಒಂದೂ ಬಿಳಿ ಕೂದಲಿಲ್ಲ! "ಮಾವಾರ, ಮೋಸ ಅದ! ಹರೇದ ಕುದುರಿಗೆ ಸುಣ್ಣ ಬಳದಾರ್ರಿ!" ಅಂತ ಪಂಚರ ಮುಂದನೇ ಒದರಿದೆ. ಪಂಚರು ಮುಗಿಲು ನೋಡಿದ್ರು. ನನ್ನ ಗಂಡ ಕೈ ಜಗ್ಗಿ, "ಏ, ಸುಮ್ಮ ಕೂಡ. ಸೋತದ್ದು ಸೋತದ್ದ" ಅಂದ. ಅಪ್ಪ ಸೋತದ್ದಕ್ಕ ಇವರಿಬ್ಬರ ಮಾರಿ ಅರಳಿತ್ತು.

 ಮಾವಾರು ಅಷ್ಟು ಮಂದಿ ಮುಂದ ಅಂಗಿ ಎತ್ತಿ, ಉಡದಾರದಿಂದ ಕೀಲಿ ಬಿಚ್ಚಿದ್ರು. ಅಣ್ಣ ತಮ್ಮ ಒಮ್ಮೆಲೇ ಕೈ ಚಾಚಿದ್ರು. "ನಾ ಹಿರ್ಯಾ" ಅಂತ ನನ್ನ ಗಂಡ, "ಲೆಕ್ಕ ನೋಡಾಂವ ನಾ" ಅಂತ ಮೈದುನ. ಮಾವಾರು ಇಬ್ಬರ ನಡಕ ಹಾದು ಬಂದು ಕೀಲಿ ನನ್ನ ಕೈಯಾಗ ಇಟ್ರು. "ಮೋಸ ಕಂಡು ಬಾಯಿ ತಗದಾಕಿ ನೀ ಒಬ್ಬಾಕಿನೇ. ಅಂಗಡಿ ನೀ ನೋಡವ್ವಾ" ಅಂದು, ಖಾಲಿ ಉಡದಾರ ಒಮ್ಮೆ ಮುಟ್ಟಿಕೊಂಡ್ರು. ನನಗ ಅಳು ಬಂದ ಬಿಡ್ತು.

ತಿರುಗಿ ಬರುವಾಗ ಗಾಡ್ಯಾಗ ಹಿಂದ ಕುಂತು ಕೀಲಿ ಸೆರಗಿಗೆ ಕಟ್ಟಿಕೊಂಡೆ. ಪೆಟ್ರೋಲ್ ಬಂಕಿನ ಹತ್ರ ನನ್ನ ಗಂಡ ಗಾಡಿ ಸಾವಕಾಶ ಮಾಡಿ, ಅಪ್ಪ ಬಾಜೂಕ ಕುಂತಿದ್ರೂ, ಕನ್ನಡಿಯಾಗ ನನ್ನ ಮಾರಿ ನೋಡಕೋತ, "ಪೆಟ್ರೋಲ್ ಹಾಕಸೂಣೇನು?" ಅಂತ ಕೇಳಿದ.