ಕೆಂಪು ನೂಲಿನ ಮೂರು ಬುಡ

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ತಪ್ಪಿನ ಕಥೆಯನ್ನು ಅಕ್ಕನ ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆ. ಒಮ್ಮೆ ಬರೆದೇ ಬಿಡುತ್ತೇನೆ.

ಸಿದ್ಧಕಟ್ಟೆಯಲ್ಲಿ ನಮಗೆ ಎರಡು ಗದ್ದೆ. ಒಂದು ಕೊಯ್ಲಿನಲ್ಲಿ ಅಪ್ಪನಿಗೆ ಬೇರೆಯೇ ತರಹದ ಒಂದು ಭತ್ತದ ಬುಡ ಕಂಡಿತು. ಉದ್ದ ತೆನೆ, ಒತ್ತೊತ್ತಾದ ಕಾಳು. ಅದರ ಬೀಜವನ್ನು ಪ್ರತ್ಯೇಕ ಬಿತ್ತಿದರು. ಬಂದದ್ದರಲ್ಲಿ ಒಳ್ಳೆಯದನ್ನು ಮಾತ್ರ ಆರಿಸಿ ಮರುವರ್ಷ ಬಿತ್ತಿದರು. ಹೀಗೆ ಆರಿಸಿ ಆರಿಸಿ ನಾಲ್ಕನೇ ಮಳೆಗಾಲಕ್ಕೆ ಅವರು ಒಪ್ಪಿದ್ದು ಮೂರೇ ಬುಡ. ಅವಕ್ಕೆ ಕೆಂಪು ನೂಲು ಕಟ್ಟಿದರು.

"ನೂಲು ಕಟ್ಟಿ ಆಯ್ತಲ್ಲ, ಇನ್ನು ಭತ್ತಕ್ಕೆ ಮದುವೆ ಯಾವಾಗ?" ಎಂದು ಅಜ್ಜಿ ಕೆಣಕುತ್ತಿದ್ದರು.

"ಬೀಜ ಆಗ್ಲಿ, ಮತ್ತೆ ಹೇಳ್ತೇನೆ," ಎನ್ನುತ್ತಿದ್ದರು ಅಪ್ಪ.

ತೆನೆ ಕಟ್ಟುವ ಹಬ್ಬ ಬಂತು. ಹೊಸ ತೆನೆಯನ್ನು ಮಾವು, ಹಲಸಿನ ಎಲೆಯಲ್ಲಿ ಸುತ್ತಿ ಮನೆಯ ಕಂಬಕ್ಕೆ, ನೇಗಿಲಿಗೆ, ಬಾವಿಯ ಕಂಬಕ್ಕೆ ಕಟ್ಟುವುದು ನಮ್ಮ ಕ್ರಮ. ಕೊಯ್ದು ತರಲು ನನ್ನನ್ನು ಕಳಿಸಿದರು. ಗದ್ದೆಯ ಅಂಚು ಒದ್ದೆಯಾಗಿ ಜಾರುತ್ತಿತ್ತು. ಎಳೆ ಭತ್ತದ ಹಾಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕೆಂಪು ನೂಲು ಕಂಡಿತು. ಬೀಜದ ಮಾತು ನನ್ನ ತಲೆಗೆ ಹೋಗಿರಲಿಲ್ಲ, ಹಬ್ಬಕ್ಕೆಂದೇ ಅಪ್ಪ ಗುರುತು ಹಾಕಿದ್ದಾರೆ ಅಂದುಕೊಂಡೆ. ಮೂರೂ ಬುಡ ಕೊಯ್ದೆ, ಒಂದು ತೆನೆ ಬಿಡದೆ.

ಅಪ್ಪ ಸ್ನಾನ ಮಾಡಿ ಬರುವಾಗ ಎಲ್ಲ ಕಟ್ಟಿ ಆಗಿತ್ತು. ಕಂಬದ ತೆನೆ ನೋಡಿದರು. ತಲೆಯಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಅದು ಬೀಜಕ್ಕೆ ಇಟ್ಟದ್ದು ಮಾರಾಯ," ಎಂದರು. ಅಷ್ಟೇ.

ಅಕ್ಕ ಒಂದು ಕಾಳು ಸುಲಿದು ಕಚ್ಚಿದಳು. "ಎಲ್ಲವೂ ಎಳತಲ್ಲ ಅಪ್ಪ. ಕೆಲವು ಗಟ್ಟಿ ಉಂಟು. ಒಣಗಿಸಿದ್ರೆ ಮೊಳಕೆ ಬರಬಹುದು."

ಅಜ್ಜಿ ಕಂಬಕ್ಕೆ ಅಡ್ಡ ನಿಂತರು. "ಕಟ್ಟಿದ್ದನ್ನು ಬಿಚ್ಚುವ ಕ್ರಮ ಇಲ್ಲ. ಮುಟ್ಟಿದ್ರೆ ನಾನು ಊಟ ಮಾಡುವುದಿಲ್ಲ."

ಅಪ್ಪ ತಲೆ ತಗ್ಗಿಸಿದರು. ಅವರು ಅಜ್ಜಿಯ ಮಾತು ಮೀರುವವರಲ್ಲ. ನನಗೆ ಸಿಟ್ಟು ಬಂತು. ಸ್ಟೂಲು ಎಳೆದು ಹತ್ತಿದೆ.

"ಇಳಿ ನೀನು. ಕೈ ಮುರಿತೇನೆ ನೋಡು."

"ಮುರಿಯಿರಿ ಅಜ್ಜಿ. ಬಿಚ್ಚಿ ಆಗ್ಲಿ ಮೊದಲು."

ಕಂಬದ್ದು ಬಿಚ್ಚಿದೆ. ನೇಗಿಲಿನದ್ದು, ಬಾವಿಯದ್ದು ಕೂಡ. ಆ ಜಾಗಕ್ಕೆ ಬೇರೆ ತೆನೆ ತಂದು ಕಟ್ಟಿದೆ. ಅಜ್ಜಿ ನಿಜಕ್ಕೂ ಉಣ್ಣಲಿಲ್ಲ. ಹೊಸ ಅಕ್ಕಿಯ ಪಾಯಸ ತಣ್ಣಗಾಯಿತು. ನಾನೂ ಉಣ್ಣಲಿಲ್ಲ. ಅಪ್ಪನಿಗೆ ತಪ್ಪಾಯಿತು ಎಂದೆ. ಅಜ್ಜಿಗೆ ಹೇಳಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ.

ಕಾಳುಗಳಲ್ಲಿ ಹೆಚ್ಚಿನವು ಜೊಳ್ಳು. ಮೊಳಕೆ ಬಂದದ್ದು ಒಂದು ತೆಂಗಿನ ಗೆರಟೆ ತುಂಬುವಷ್ಟೂ ಇರಲಿಲ್ಲ. ಅದೇ ಸಾಕಾಯಿತು. ಈಗ ಎರಡು ಗದ್ದೆಯಲ್ಲೂ ಅದೇ ಭತ್ತ.

ಮಕ್ಕಳೇ, ನಿಮ್ಮ ಮಡಂತ್ಯಾರಿನ ಮನೆಗೆ ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಚೀಲದ ಮೇಲೆ ತೆನೆಯ ಚಿತ್ರ ಉಂಟು. ಆ ಚಿತ್ರಕ್ಕೆ ನೂಲು ಕಟ್ಟಲು ಆಗುವುದಿಲ್ಲ. ಈ ಸಲ ತೆನೆ ಕೊಯ್ಯಲು ನೀವು ಬನ್ನಿ. ನಾನು ನೂಲು ಕಟ್ಟಿದ ಬುಡ ಮುಟ್ಟಬೇಡಿ. ಮುಟ್ಟಿದರೆ, ಆ ಸ್ಟೂಲು ಈಗಲೂ ಅಲ್ಲೇ ಉಂಟು. ಯಾರು ಬೈದರೂ ನೀವೇ ಹತ್ತಿ ಬಿಚ್ಚಬೇಕು.