ಕುದುರೆ ಮಿಷಿನ್ನಿನ ಯಜಮಾನರು

ಆಟದಂಗಡಿಯ ಯಜಮಾನರಿಗೆ ಮೂಲೆಯಲ್ಲಿರುವ ಹಳೆಯ ಪಿನ್‌ಬಾಲ್ ಮಿಷಿನ್ನಿನದೇ ಚಿಂತೆ. ಉಕ್ಕಿನ ಗುಂಡು ತಗಲಿದಾಗಲೆಲ್ಲ ಗಾಜಿನ ಹಿಂದೆ ತಗಡಿನ ಕುದುರೆಗಳು ಟಕಟಕನೆ ಓಡುತ್ತವೆ. ಇವರ ಎದೆ ಅವಕ್ಕಿಂತ ಮುಂದೆ. ಯಾರಾದರೂ ಆಡಲು ನಿಂತರೆ, “ನಿಧಾನ ಸ್ವಾಮಿ, ಅದಕ್ಕೆ ವಯಸ್ಸಾಗಿದೆ” ಎಂದು ಬೆನ್ನಿಗೇ ಅಂಟಿಕೊಳ್ಳುತ್ತಾರೆ. ಸದ್ದು ಸ್ವಲ್ಪ ಬದಲಾದರೂ ಮುಚ್ಚಳ ಬಿಚ್ಚಿ ತಂತಿಗಳ ನಡುವೆ ತಲೆ ತೂರಿಸುತ್ತಾರೆ; ಊಟಕ್ಕೆ ಕೂತರೂ ಕಿವಿ ಅಂಗಡಿಯಲ್ಲೇ. ಪಾರ್ಶ್ವವಾಯು ಬಡಿದು ಹೆಂಡತಿಯ ಬಲಗೈ ಸೋತ ಮೇಲೆ, ದಿನವೂ ಸಂಜೆ ಬಾಗಿಲೆಳೆದು ಅವಳನ್ನು ಆ ಮಿಷಿನ್ನಿನ ಮುಂದೆ ನಿಲ್ಲಿಸಿ, ಗುಂಡು ಚಿಮ್ಮಿಸುವ ಬಟನ್ನಿನ ಮೇಲೆ ಆ ಕೈಯ ಬೆರಳಿಡಿಸುತ್ತಾರೆ. “ಕೆಟ್ಟುಹೋದ್ರೆ ಏನ್ರೀ ಗತಿ?” ಎಂದು ಅವಳು ಹಿಂಜರಿದರೆ, “ಹೋದ್ರೆ ಹೋಗ್ಲಿ, ಗುದ್ದು ಕಣೇ” ಎನ್ನುತ್ತಾರೆ. ನಿನ್ನೆ ಒಂದು ಕುದುರೆ ಒಂದು ಹೆಜ್ಜೆ ಸರಿಯಿತು. “ನೋಡಿದ್ರಾ, ಓಡ್ತು” ಎಂದಳು. ಅವಳ ಬೆರಳನ್ನೇ ನೋಡುತ್ತಿದ್ದ ಯಜಮಾನರಿಗೆ ಕುದುರೆ ಕಂಡಿರಲೇ ಇಲ್ಲ. “ಇನ್ನೊಂದ್ಸಲ ಒತ್ತು” ಎಂದರು.